ನನ್ನ ಮನೆಯಲ್ಲಿ ನಾನು ಬಾಡಿಗೆಗಿದ್ದ ದಿನ

ಯಾರ ಮನೆಗೆ ಹೋದರೂ ನಾನು ಮೊದಲು ತಲೆ ಎತ್ತಿ ಸೂರು ನೋಡುತ್ತೇನೆ. ಮನೆಯವರ ಮುಖ ನೋಡುವುದು ಆಮೇಲೆ. ಸೀಮಂತಕ್ಕೆ ಕರೆದಿರಲಿ, ಕಾಯಿಲೆಯವರನ್ನು ಮಾತಾಡಿಸಲು ಹೋಗಿರಲಿ, ಕಣ್ಣು ತಾನಾಗಿ ಮೂಲೆಗೆ ಹರಿದು ಅಲ್ಲಿ ತೇವದ ಕಲೆ ಇದೆಯೋ ಇಲ್ಲವೋ ಎಂದು ಹುಡುಕುತ್ತದೆ. ಹೋದ ತಿಂಗಳು ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡರು. ಅವರ ಹೆಂಡತಿಯ ಪಕ್ಕ ಕೂತು ಕೈ ಹಿಡಿದುಕೊಂಡಿದ್ದೆ. ಆಕೆ ಅಳುತ್ತಲೇ ನನ್ನ ಕಣ್ಣು ಹೋದ ಕಡೆ ತಾವೂ ನೋಡಿ, "ಹೋದ ಮಳೆಗಾಲದಿಂದ ಹಂಗೇ ಐತೆ ಟೀಚರಮ್ಮ. ಮಾಡಿಸ್ತೀನಿ ಮಾಡಿಸ್ತೀನಿ ಅಂತಾನೇ ಹೋಗ್ಬುಟ್ರು" ಅಂದರು. ನಾಚಿಕೆಯಾಗಿ ನೆಲ ನೋಡಿದೆ. ನೆಲ ಚೆನ್ನಾಗಿತ್ತು.

ಇದು ಮನೆ ಬಾಡಿಗೆಗೆ ಕೊಟ್ಟವರ ರೋಗ. ನನ್ನ ಯಜಮಾನರಿಗೆ ಇದೇ ರೋಗ ಇನ್ನೊಂದು ರೂಪದಲ್ಲಿದೆ. ಅವರು ಗೋಡೆ ಕುಟ್ಟುತ್ತಾರೆ. ಬೆರಳಿನ ಗೆಣ್ಣಿನಿಂದ ಎರಡು ಸಲ ಟಕಟಕ ಎನ್ನಿಸಿ, ಕಿವಿಯಿಟ್ಟು, "ಸಿಮೆಂಟ್ ಇಟ್ಟಿಗೆ" ಎಂದೋ "ಕಲ್ಲು" ಎಂದೋ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಅವರಿಗೆ ಸೈಟುಗಳ ಹುಚ್ಚು ಹಿಡಿದಿದೆ. ಬೆಂಗಳೂರು ಹೆದ್ದಾರಿಯ ಪಕ್ಕ, ಚಿಲಮತ್ತೂರಿನ ಆಚೆ, ಈಚಲು ಪೊದೆಯ ನಡುವೆ ನೆಟ್ಟ ನಾಲ್ಕು ಕಲ್ಲು ಕಂಡರೆ ಸಾಕು, ಗಾಡಿ ನಿಲ್ಲಿಸುತ್ತಾರೆ. "ಇಲ್ಲಿ ಏನೋ ಬರ್ತದಂತೆ" ಎನ್ನುತ್ತಾರೆ. ಏನು ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಅದನ್ನು ಮಾರುವವನಿಗೂ ಗೊತ್ತಿಲ್ಲ. ನಾವು ಕೊಂಡ ಒಂದು ಸೈಟಿನಲ್ಲಿ ಇಲ್ಲಿಯವರೆಗೆ ಬಂದಿರುವುದು ಪಕ್ಕದ ಊರಿನ ಕುರಿಗಳು ಮಾತ್ರ.

ನಮಗೆ ಬಾಡಿಗೆ ಅಂತ ನಿಜವಾಗಿ ಬರುವುದು ಕಲ್ಯಾಣದುರ್ಗದ ಮನೆಯಿಂದ. ನಾವಿಬ್ಬರೂ ಅಲ್ಲಿ ಕೆಲಸದಲ್ಲಿದ್ದಾಗ ಕಟ್ಟಿಸಿದ ಮನೆ. ಕೆಳಗೆ ಹಾಲು, ಎರಡು ರೂಮು, ಅಡುಗೆಮನೆ. ತಾರಸಿಯ ಮೇಲೆ ಒಂದು ಒಂಟಿ ರೂಮು. ಒಂದೊಂದು ಇಟ್ಟಿಗೆಗೂ ನೀರು ಹೊಡೆದು ಬೆಳೆಸಿದ ಮನೆಯಲ್ಲಿ ನಾವು ಇದ್ದದ್ದು ಹದಿನಾಲ್ಕು ತಿಂಗಳು. ಆಮೇಲೆ ಇಬ್ಬರಿಗೂ ಹಿಂದೂಪುರಕ್ಕೆ ವರ್ಗವಾಯಿತು. ಬೀಗ ಹಾಕಿ ಬರುವುದೋ ಬಾಡಿಗೆಗೆ ಕೊಡುವುದೋ ಎಂದು ಯೋಚಿಸುತ್ತಿರುವಾಗ ಓಬಳೇಶಪ್ಪ ಬಂದ.

ಓಬಳೇಶಪ್ಪ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವನು. ಸುಟ್ಟುಹೋದ ಮೋಟಾರನ್ನು ಬಿಚ್ಚಿ, ಒಳಗಿನ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿಕೊಡುವ ಕೆಲಸ. ಅವನ ಹಿರಿಯರು ನೇಯ್ಗೆಯವರು. "ನಮ್ಮಪ್ಪ ರೇಷ್ಮೆ ಸುತ್ತಿದ, ನಾನು ತಾಮ್ರ ಸುತ್ತುತೀನಿ, ಅಷ್ಟೇ ಟೀಚರಮ್ಮ" ಎಂದು ಮೊದಲ ದಿನವೇ ಹೇಳಿದ್ದ. ಹೆಂಡತಿ ಸರೋಜಮ್ಮ ರವಿಕೆ ಹೊಲಿಯುತ್ತಿದ್ದಳು. ಮಗಳು ಭಾರ್ಗವಿ ಎರಡು ಜಡೆಯ ಹುಡುಗಿ, ಐದನೆಯ ಕ್ಲಾಸು. ಅವರು ಅಡ್ವಾನ್ಸ್ ಕೊಟ್ಟು ಸಾಮಾನು ಇಳಿಸುವ ಮೊದಲೇ ನಾನು ಅವರಿಗೆ ನಿಯಮಗಳ ಒಂದು ಹಾಳೆ ಕೊಟ್ಟೆ. ಇಪ್ಪತ್ತೈದು ವರ್ಷ ಗಣಿತ ಹೇಳಿಕೊಟ್ಟವಳು, ಅಂಕಿ ಹಾಕಿ ಬರೆದಿದ್ದೆ. ಮೊದಲನೆಯದೇ, ಗೋಡೆಗೆ ಮೊಳೆ ಹೊಡೆಯಬಾರದು.

ಆ ನಿಯಮ ನನ್ನದಲ್ಲ. ನನ್ನ ಬಾಲ್ಯದ ಓನರಮ್ಮ ರಂಗಮ್ಮನವರದು. ಅಪ್ಪ ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ತೂಕ ನೋಡುತ್ತಿದ್ದ ಕಾಲ. ಕಲ್ಲುಚಪ್ಪಡಿ ಸೂರಿನ ಮನೆಯ ಅರ್ಧದಲ್ಲಿ ರಂಗಮ್ಮನವರು, ಅವರ ಗಂಡ ಮತ್ತು ಎರಡು ಮಗ್ಗ, ಇನ್ನರ್ಧದಲ್ಲಿ ನಾವು. ಗೋಡೆಯ ಆಚೆ ಹಗಲಿಡೀ ಮಗ್ಗದ ಸದ್ದು. ಅದು ನಿಂತರೆ ನಾನು ಓದುವುದನ್ನು ಬಿಟ್ಟು ತಲೆ ಎತ್ತುತ್ತಿದ್ದೆ. ಊಟದ ಹೊತ್ತಾಯಿತೆಂದು ತಿಳಿಯುತ್ತಿದ್ದದ್ದೇ ಹಾಗೆ. ರಂಗಮ್ಮನವರು ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. "ಗೋಡೆಗೆ ನೋವಾಯ್ತದೆ ಕಣಮ್ಮ" ಎನ್ನುತ್ತಿದ್ದರು. ಅಮ್ಮ ಕ್ಯಾಲೆಂಡರನ್ನು ಅನ್ನದ ಅಂಟಿನಲ್ಲಿ ಅಂಟಿಸುತ್ತಿದ್ದಳು. ಮಳೆಗಾಲದಲ್ಲಿ ಅದು ಕಿತ್ತುಬಂದು ಮಲಗಿದವರ ಮೈಮೇಲೆ ಬೀಳುತ್ತಿತ್ತು.

ನಾನೊಬ್ಬಳು ಕಳ್ಳಿ. ಶಾಲೆಯ ಚೀಲ ತೂಗುಹಾಕಬೇಕೆಂದು ಕದದ ಹಿಂದೆ, ಯಾರಿಗೂ ಕಾಣದಂತೆ, ಒಂದು ಮೊಳೆ ಹೊಡೆದಿದ್ದೆ. ಮಗ್ಗದ ಸದ್ದಿನ ಜೊತೆಗೇ ಕಲ್ಲಿನಲ್ಲಿ ಕುಟ್ಟಿ ಮುಗಿಸಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ನಾವು ಆ ಮನೆ ಬಿಡುವ ದಿನ ರಂಗಮ್ಮನವರೂ ಅವರ ಗಂಡನೂ ಗೋಡೆ ಗೋಡೆ ನೋಡಿಕೊಂಡು ಬಂದರು. ಗಂಡ ಕದ ಸರಿಸಿ, "ಇದ್ಯಾರು ಹೊಡೆದೋರು?" ಅಂದರು. ರಂಗಮ್ಮನವರು ನನ್ನ ಮುಖ ನೋಡಿ, "ಅದು ಮೊದ್ಲಿಂದ್ಲೂ ಐತಲ್ಲ, ನಿಮ್ಮ ತಾಯಿ ಹೊಡೆಸಿದ್ದು" ಅಂದರು. ಸತ್ತುಹೋಗಿದ್ದ ಅತ್ತೆಯ ಮೇಲೆ ಹಾಕಿಬಿಟ್ಟರು. ಗಂಡ ಇನ್ನೇನೂ ಕೇಳಲಿಲ್ಲ. ಅಂಥವರ ಕೈಯಲ್ಲಿ ಬೆಳೆದ ನಾನು ಓನರಮ್ಮ ಆದಾಗ ಅವರ ನಿಯಮವನ್ನು ಮಾತ್ರ ಕಲಿತಿದ್ದೆ.

ಓಬಳೇಶಪ್ಪನ ಸಂಸಾರ ಆ ಮನೆಯಲ್ಲಿ ಹನ್ನೆರಡು ವರ್ಷ ಕಳೆಯಿತು. ಭಾರ್ಗವಿ ಓದಿ, ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದಳು. ಬಾಡಿಗೆ ತಿಂಗಳು ತಿಂಗಳಿಗೆ ಫೋನಿನಲ್ಲೇ ಬರತೊಡಗಿದ ಮೇಲೆ ನಾವು ಅಲ್ಲಿಗೆ ಹೋಗುವುದೂ ಕಡಿಮೆಯಾಯಿತು. ಹೀಗಿರುವಾಗ ಹೋದ ಬೇಸಿಗೆಯಲ್ಲಿ ಯಜಮಾನರು ಒಬ್ಬ ಗಿರಾಕಿಯನ್ನು ಹಿಡಿದು ತಂದರು. ಕಲ್ಯಾಣದುರ್ಗದಲ್ಲೇ ಗೊಬ್ಬರದ ಅಂಗಡಿ ಇಟ್ಟವರು. ಮನೆ ಕೊಳ್ಳುತ್ತಾರೆ, ಆದರೆ ಖಾಲಿ ಮಾಡಿಸಿ ಕೊಡಬೇಕು, ಎರಡು ತಿಂಗಳೊಳಗೆ. ಆ ಹಣದಲ್ಲಿ ಹೆದ್ದಾರಿಯ ಪಕ್ಕ ಇನ್ನೊಂದು ಜಾಗ. ಅಲ್ಲೂ ಏನೋ ಬರುತ್ತದಂತೆ.

"ಫೋನಲ್ಲಿ ಹೇಳಿಬಿಡಿ" ಅಂದೆ.

"ಹನ್ನೆರಡು ವರ್ಷ ಇದ್ದವರಿಗೆ ಫೋನಲ್ಲಿ ಹೇಗೆ ಹೇಳೋದು? ಮುಖ ನೋಡಿ ಹೇಳಬೇಕು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನೀನು ಹೋಗಿ ಬಾ. ಹೆಂಗಸರು ಹೇಳಿದರೆ ಚೆಂದ" ಅಂದರು.

ಬೆಳಿಗ್ಗೆ ಹೊರಟು, ಪಾವಗಡದಲ್ಲಿ ಬಸ್ಸು ಬದಲಾಯಿಸಿ, ಆಂಧ್ರದಿಂದ ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರುವಷ್ಟರಲ್ಲಿ ನಾನು ಹೇಳಬೇಕಾದ ಮಾತನ್ನು ಮೂರು ಬಗೆಯಲ್ಲಿ ತಯಾರು ಮಾಡಿದ್ದೆ. ಒಂದು ನೇರವಾಗಿ. ಇನ್ನೊಂದು ಯಜಮಾನರ ಮೇಲೆ ತಪ್ಪು ಹಾಕಿ. ಮೂರನೆಯದು ಕಾಫಿ ಕುಡಿದಾದ ಮೇಲೆ, ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತ. ಮೂರನೆಯದೇ ಸರಿ ಎಂದು ತೀರ್ಮಾನಿಸಿ ಗೇಟು ತೆಗೆದೆ.

ಬಾಗಿಲ ಮುಂದೆ ರಾಶಿ ಚಪ್ಪಲಿ ಇದ್ದವು. ಬೀದಿಯಲ್ಲಿ ಬಾಡಿಗೆಯ ಕಾರು. ಒಳಗಿನಿಂದ ಮಂಡಕ್ಕಿ ಉಗ್ಗಾನಿಯ ಒಗ್ಗರಣೆಯ ವಾಸನೆ, ಮೆಣಸಿನಕಾಯಿ ಬಜ್ಜಿಯ ಎಣ್ಣೆಯ ವಾಸನೆ. ಸರೋಜಮ್ಮ ನನ್ನನ್ನು ಕಿಟಕಿಯಿಂದಲೇ ಕಂಡಿರಬೇಕು. ಹಿತ್ತಿಲ ಬಾಗಿಲಿನಿಂದ ಸುತ್ತಿ ಓಡಿಬಂದು ನನ್ನ ಕೈ ಹಿಡಿದು ಪಕ್ಕದ ಓಣಿಗೆ, ಸಂಪಿನ ಹತ್ತಿರ ಕರೆದುಕೊಂಡು ಹೋದಳು. ರೇಷ್ಮೆ ಸೀರೆ ಉಟ್ಟಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಗಂಡಿನ ಕಡೆಯೋರು ಬಂದವ್ರೆ ಟೀಚರಮ್ಮ. ಕುಂದುರ್ಪಿಯೋರು" ಎಂದು ಪಿಸುಮಾತಿನಲ್ಲಿ ಹೇಳಿದಳು. "ಮಧ್ಯೆ ಮಾತಾಡಿದ ನಂಟರು ಅವ್ರಿಗೆ ಸ್ವಂತ ಮನೆ ಅಂತ ಹೇಳ್ಬುಟ್ಟವ್ರೆ. ನಮ್ಗೆ ಗೊತ್ತೇ ಇಲ್ಲ. ಈಗ ಒಳ್ಗೆ ಹುಡ್ಗನ ಮಾವ 'ಇಲ್ಲು ಬಾಗಾ ಕಟ್ಟಿಂಚಾರು' ಅಂದ್ರು. ಇವ್ರು ಬಾಯೇ ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ. ಆ ಗಳಿಗೇಲೇ ಹೇಳ್ಬೇಕಾಗಿತ್ತು. ಆ ಗಳಿಗೆ ದಾಟೋಯ್ತು."

ಮನೆ ಚೆನ್ನಾಗಿ ಕಟ್ಟಿಸಿದ್ದೀರಿ ಎಂದು ಅವರು ತೆಲುಗಿನಲ್ಲಿ ಹೊಗಳಿದ್ದರಂತೆ. ಹೊಗಳಿಕೆ ಯಾರಿಗೆ ಸೇರಬೇಕೋ ಅವಳು, ಎಂದರೆ ನಾನು, ಸಂಪಿನ ಪಕ್ಕ ನಿಂತಿದ್ದೆ. ಸರೋಜಮ್ಮ ನನ್ನನ್ನು ಏನೂ ಕೇಳಲಿಲ್ಲ. "ಏನೂ ಅನ್ಕೋಬೇಡ್ರಮ್ಮ" ಎಂದಳು, ಅಷ್ಟೇ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಒಬ್ಬ ಹೆಂಗಸು ಕೈತೊಳೆಯಲು ಹೊರಗೆ ಬಂದರು. ಐವತ್ತೈದರ ಆಸುಪಾಸು, ಎತ್ತರದ ಆಳು, ಹಣೆಗೆ ದೊಡ್ಡ ಕುಂಕುಮ. ಅವರೇ ಹುಡುಗನ ತಾಯಿ ಗಂಗಮ್ಮ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವ್ರ್ಯಾರು?" ಅಂದರು. ಸರೋಜಮ್ಮ ನನ್ನ ಕೈ ಬಿಟ್ಟಳು.

"ನಾನು ಇಲ್ಲೇ ಬಾಡಿಗೆಗೆ ಇದ್ದೀನಿ" ಅಂದೆ. "ಮೇಲ್ಗಡೆ."

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು. ಸರೋಜಮ್ಮ ಒಂದು ಕ್ಷಣ ನನ್ನನ್ನೇ ನೋಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು.

ಗಂಗಮ್ಮನವರು ಹೋಗಲಿಲ್ಲ. ಕೈತೊಳೆದು, ಕರಿಬೇವಿನ ಗಿಡದ ನೆರಳಿನಲ್ಲಿದ್ದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನನಗೂ ಪಕ್ಕದಲ್ಲಿ ಜಾಗ ಬಿಟ್ಟರು. "ಕೂತ್ಕಳಿ ಅಕ್ಕ. ಗಂಡಸ್ರು ಒಳ್ಗೆ ಮಾತಾಡ್ಕೊಳ್ಳಿ. ಎಷ್ಟು ವರ್ಷದಿಂದ ಇದೀರ?"

"ಹನ್ನೆರಡು ವರ್ಷ." ಓಬಳೇಶಪ್ಪನ ಲೆಕ್ಕವನ್ನೇ ಹೇಳಿದೆ.

"ಒಳ್ಳೇದೇ ಆಯ್ತು. ನಂಟರನ್ನ ಕೇಳಿದ್ರೆ ಹೊಗಳ್ತಾರೆ. ಆಗ್ದೋರ್ನ ಕೇಳಿದ್ರೆ ಬೈತಾರೆ. ಬಾಡಿಗೆಯೋರ್ಗೆ ಗೊತ್ತಿರ್ತೈತೆ ಮನೆಯೋರ ನಿಜವಾದ ಗುಣ. ಹೇಳಿ, ನಿಮ್ಮ ಓನರು ಹೆಂಗೆ?"

ಈ ಪ್ರಶ್ನೆಯನ್ನು ನನ್ನ ಜೀವನದಲ್ಲಿ ಯಾರೂ ನನ್ನ ಬಗ್ಗೆ ನನ್ನ ಎದುರಿಗೆ ಕೇಳಿರಲಿಲ್ಲ. ಒಂದು ಕ್ಷಣ ಅವರು ನನ್ನ ಬಗ್ಗೆಯೇ ಕೇಳುತ್ತಿದ್ದಾರೆ ಎಂದು ಗಾಬರಿಯಾಗಿ, ಆಮೇಲೆ ನೆನಪಾಯಿತು: ಇವತ್ತಿನ ಓನರು ಓಬಳೇಶಪ್ಪ.

"ಒಳ್ಳೆಯವರು" ಅಂದೆ.

"ಅದು ಎಲ್ರೂ ಅಂತಾರೆ. ನೀರು?"

"ಸಂಪನ್ನ ವರ್ಷಕ್ಕೆ ಎರಡು ಸಲ ತಾವೇ ಇಳಿದು ತೊಳೀತಾರೆ." ಅದು ನಿಜ. ಓಬಳೇಶಪ್ಪ ತೊಳೆಯುತ್ತಿದ್ದ. ನಾನು ಅದಕ್ಕೆ ಇಳಿದವಳಲ್ಲ, ಇಳಿಸಿದವಳೂ ಅಲ್ಲ.

"ಸೂರು ಸೋರಿದ್ರೆ ನೋಡ್ತಾರಾ?"

ನನಗೆ ಎರಡು ವರ್ಷದ ಹಿಂದಿನ ಮಳೆಗಾಲ ನೆನಪಾಯಿತು. ಅಡುಗೆಮನೆಯ ಮೇಲೆ ಸೋರುತ್ತಿದೆ ಎಂದು ಸರೋಜಮ್ಮ ಫೋನ್ ಮಾಡಿದ್ದಳು. ನೋಡೋಣ, ಬರ್ತೀವಿ ಅಂದಿದ್ದೆ. ಹೋಗಲಿಲ್ಲ. ಮತ್ತೆ ಅವಳು ಆ ಮಾತೆತ್ತಲಿಲ್ಲ. ಸೋರುವುದು ತಾನಾಗಿ ನಿಂತಿತೆಂದು ನಾನು ನಂಬಿದ್ದೆ, ಗಣಿತದ ಟೀಚರು. ಆಮೇಲೆ ಬೇರೆ ಯಾರೋ ಹೇಳಿದರು, ಓಬಳೇಶಪ್ಪ ಒಂದು ಭಾನುವಾರ ತಾರಸಿಯ ಮೇಲೆ ಕೂತು ಬಿರುಕನ್ನೆಲ್ಲ ಕೆತ್ತಿ ಸಿಮೆಂಟು ತುಂಬಿದನಂತೆ ಎಂದು.

"ನೋಡ್ತಾರೆ" ಅಂದೆ. "ಹೇಳಿದ ವಾರವೇ. ನಮ್ಮಿಂದ ಒಂದು ಕಾಸೂ ಕೇಳಲಿಲ್ಲ."

"ಗೋಡೆಗೆ ಮೊಳೆ ಹೊಡ್ಯಾಕೆ ಬಿಡ್ತಾರಾ? ನಮ್ಮ ತಂಗಿ ಮನೆ ಓನರಮ್ಮ ಬಿಡಾಕಿಲ್ಲ, ದೇವ್ರ ಪಟಾನ ಡಬ್ಬದ ಮೇಲೆ ಇಟ್ಟು ಪೂಜೆ ಮಾಡ್ತಾಳೆ, ಪಾಪ."

"ಇವರು ಏನೂ ಅನ್ನಲ್ಲ" ಅಂದೆ.

"ಈ ಗಿಡ ಯಾರು ಹಾಕಿದ್ದು?"

"ಅವರೇ. ಆ ದಾಳಿಂಬೆನೂ ಅವರದೇ. ಬೀದಿಯವರೆಲ್ಲ ಕರಿಬೇವು ಇಲ್ಲಿಂದಲೇ ಕಿತ್ತುಕೊಂಡು ಹೋಗ್ತಾರೆ, ಬೇಡ ಅಂದಿದ್ದು ನಾನು ನೋಡಿಲ್ಲ."

ಸುಳ್ಳು ಹೇಳಲು ಕೂತವಳು ನಾನು. ಹೇಳುತ್ತ ಹೇಳುತ್ತ ನೋಡಿದರೆ, ಯಾರು ಯಾರಿಗೆ ಓನರು ಎನ್ನುವ ಒಂದನ್ನು ಬಿಟ್ಟು ಎಲ್ಲವೂ ನಿಜವಾಗಿತ್ತು. ಒಬ್ಬ ಮನೆಯೊಡೆಯ ಮನೆಗೆ ಏನೇನು ಮಾಡಬೇಕೋ ಅದನ್ನೆಲ್ಲ ಆ ಮನುಷ್ಯ ಹನ್ನೆರಡು ವರ್ಷ ಮಾಡಿದ್ದ, ಮೇಲಾಗಿ ನನಗೆ ಬಾಡಿಗೆಯನ್ನೂ ಕೊಟ್ಟಿದ್ದ. ನಾನು ಅವನನ್ನು ಹೊರಗೆ ಕಳಿಸಲು ಎರಡು ಬಸ್ಸು ಹತ್ತಿ ಬಂದಿದ್ದೆ.

ಗಂಗಮ್ಮನವರು ಸೆರಗು ಕೊಡವಿ ಎದ್ದರು. "ನಡೀರಿ, ನಿಮ್ಮ ಮನೇನೂ ಒಂಚೂರು ನೋಡ್ತೀನಿ" ಎಂದು ನನ್ನ ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿದರು. ಹಿಂದೆ ನಾನು. ತಾರಸಿಯ ರೂಮಿಗೆ ಬೀಗ ಹಾಕಿತ್ತು. ಬೇರೆ ದಾರಿ ಕಾಣದೆ ಚೀಲದಿಂದ ಹಿಂದೂಪುರದ ಮನೆಯ ಬೀಗದ ಕೈ ತೆಗೆದು ತೂರಿಸಿದೆ. ತಿರುಗಲಿಲ್ಲ. ಇನ್ನೊಂದು ತೂರಿಸಿದೆ. ಅದು ನಮ್ಮ ಬೀರುವಿನದು.

"ಹನ್ನೆರಡು ವರ್ಷ ಆದ್ರೂ ಬೀಗ ಒಗ್ಗಿಲ್ವಲ್ಲ ಅಕ್ಕ" ಅಂದರು ಗಂಗಮ್ಮ.

ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಭಾರ್ಗವಿ ಸೀರೆಯ ನೆರಿಗೆ ಎತ್ತಿಹಿಡಿದು ಬಂದಳು, ಕೈಯಲ್ಲಿ ಬೀಗದ ಕೈ. ನನ್ನ ಮುಖ ನೋಡದೆ ಬಾಗಿಲು ತೆಗೆದಳು. ಒಳಗೆ ಒಂದು ಮಂಚ, ಕಿಟಕಿಯ ಕಟ್ಟೆಯ ಮೇಲೆ ಒರಗಿಸಿಟ್ಟ ಕನ್ನಡಿ, ಕುರ್ಚಿಯ ಬೆನ್ನಿಗೆ ಇಸ್ತ್ರಿ ಮಾಡಿ ಹಾಕಿದ ಬಿಳಿ ಕೋಟು. ಗೋಡೆಯಲ್ಲಿ ಒಂದೂ ಮೊಳೆ ಇರಲಿಲ್ಲ.

ಗಂಗಮ್ಮನವರು ಕೋಟನ್ನು ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. "ಇದು ನಿಮ್ದಾ?"

"ನಂದು" ಅಂದಳು ಭಾರ್ಗವಿ. "ಲ್ಯಾಬಿಗೆ ಹಾಕ್ಕೊಂಡು ಹೋಗೋದು. ಈ ರೂಮಲ್ಲಿ ಇರೋಳು ನಾನೇ. ಮನೆ ನಮ್ದಲ್ಲಮ್ಮ, ಈ ಟೀಚರಮ್ಮಂದು. ನಾವು ಬಾಡಿಗೆಯೋರು." ಹಿಡಿದಿದ್ದ ನೆರಿಗೆಯನ್ನು ಬಿಟ್ಟು ಮುಂದುವರಿಸಿದಳು. "ನಮ್ಮಪ್ಪ ಯಾವತ್ತೂ ಸುಳ್ಳು ಹೇಳಿದೋರಲ್ಲ. ಅದ್ಕೇ ಇವತ್ತು ಯಾರೋ ಹೇಳಿದ ಸುಳ್ಳನ್ನ ಹೆಂಗೆ ನಿಲ್ಲಿಸ್ಬೇಕೋ ಗೊತ್ತಾಗ್ದೆ ಸುಮ್ನೆ ಕೂತವ್ರೆ. ನಿಮ್ಗೆ ಬೇಡ ಅನ್ಸಿದ್ರೆ ಬೇಡ ಅಂತ ಹೇಳಿ. ಆದ್ರೆ ಕೆಳ್ಗೆ ಎಲ್ರ ಮುಂದೆ ಅವ್ರಿಗೆ ಏನೂ ಅನ್ಬೇಡಿ."

ಗಂಗಮ್ಮನವರು ಮಂಚದ ಮೇಲೆ ಕೂತರು. ಮಂಚ ಕಿರುಗುಟ್ಟಿತು. ಕೆಳಗೆ ಗಂಡಸರು ನಗುತ್ತಿದ್ದುದು ಕೇಳುತ್ತಿತ್ತು.

"ಹಂಗಾದ್ರೆ ನೀವು ಗಿಡದ ಕೆಳ್ಗೆ ಹೇಳಿದ್ದೆಲ್ಲ?" ಎಂದು ನನ್ನನ್ನು ಕೇಳಿದರು.

"ಎಲ್ಲ ನಿಜ. ಸಂಪು ತೊಳೆದದ್ದು, ಸೂರು ಮುಚ್ಚಿದ್ದು, ಗಿಡ ಹಾಕಿದ್ದು ಇವರ ಅಪ್ಪನೇ. ನಾನು ಬಾಡಿಗೆಯವಳು ಅಂದದ್ದೊಂದೇ ಸುಳ್ಳು."

"ಮೊಳೆ?"

"ಅದೂ ಸುಳ್ಳು. ಹೊಡೆಯಬೇಡಿ ಅಂತ ನಾನೇ ಬರೆದುಕೊಟ್ಟಿದ್ದೆ."

ಅವರ ತುಟಿಯ ಕೊನೆ ಸ್ವಲ್ಪ ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. ಆಮೇಲೆ ನಾನು ಹೆದರುತ್ತಿದ್ದ ಪ್ರಶ್ನೆಯನ್ನೇ ಕೇಳಿದರು. "ಇವತ್ತು ಯಾಕೆ ಬಂದ್ರಿ ನೀವು? ಬಾಡಿಗೆ ಈಗ ಫೋನಲ್ಲೇ ಬತ್ತೈತೆ. ಓನರಮ್ಮ ಬಸ್ಸತ್ತಿ ಬಂದವ್ರೆ ಅಂದ್ರೆ ಏನೋ ಇರ್ಬೇಕು."

ಭಾರ್ಗವಿ ಮೊದಲ ಸಲ ನನ್ನ ಮುಖ ನೋಡಿದಳು. ಆ ಹುಡುಗಿ ತನ್ನ ಮದುವೆಯನ್ನೇ ಪಣಕ್ಕಿಟ್ಟು ನಿಜ ಹೇಳಿ ಎರಡು ನಿಮಿಷವಾಗಿರಲಿಲ್ಲ. ಬಸ್ಸಿನಲ್ಲಿ ತಯಾರು ಮಾಡಿದ್ದ ಮೂರು ಬಗೆಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಮನೆ ಬಿಡಿ ಅಂತ ಹೇಳೋದಕ್ಕೆ ಬಂದಿದ್ದೆ" ಅಂದೆ. "ಮಾರೋಣ ಅಂತ. ಎರಡು ತಿಂಗಳು ಟೈಮು."

ಭಾರ್ಗವಿ ಕುರ್ಚಿಯ ಮೇಲಿನ ಕೋಟನ್ನು ತೆಗೆದು ಮಡಿಸತೊಡಗಿದಳು. ಈಗಲೇ ಖಾಲಿ ಮಾಡಬೇಕೆಂದು ಹೇಳಿದ್ದೇನೋ ಎಂಬಂತೆ ಒಂದೊಂದೇ ತೋಳನ್ನು ಸರಿಯಾಗಿ ಒಳಗೆ ಮಡಚಿದಳು. ಅದನ್ನು ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ನಾನು ಮನೆ ನೋಡಾಕೆ ಬಂದಿರ್ಲಿಲ್ಲ ಅಂದ್ರೆ ಸುಳ್ಳಾಯ್ತದೆ" ಎಂದು ಗಂಗಮ್ಮನವರು ಶುರುಮಾಡಿದರು, ನಿಧಾನವಾಗಿ. "ನೋಡಾಕೇ ಬಂದೆ. ಸ್ವಂತ ಮನೆ ಅಂದ್ರೆ ಆಸ್ತಿಗೆ ಅಲ್ಲ ಕಣಮ್ಮ. ನಂಗೆ ಮದ್ವೆ ಆದ ವರ್ಷವೇ ನಮ್ಮಪ್ಪ ಊರು ಬಿಟ್ಟು ಹೋದ್ರು. ಹಬ್ಬ ಬಂದ್ರೆ ತವರಿಗೆ ಹೋಯ್ತೀನಿ ಅನ್ನಾಕೆ ನಂಗೆ ಒಂದು ಬಾಗ್ಲು ಇರ್ಲಿಲ್ಲ. ಸೊಸೆಗೆ ಅದು ಇರ್ಲಿ ಅಂತ." ಅವರು ಭಾರ್ಗವಿಯ ಕೈಯಿಂದ ಕೋಟು ತೆಗೆದುಕೊಂಡು ಮತ್ತೆ ಕುರ್ಚಿಗೆ ಹಾಕಿದರು. "ನೀನು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತಾಯ್ತಿರ್ಲಿಲ್ಲ. ಹೇಳ್ದೆ. ಅಷ್ಟು ಸಾಕು ನಂಗೆ."

ಆಮೇಲೆ ನನ್ನ ಕಡೆ ತಿರುಗಿದರು. ಈಗ ಅವರು ವ್ಯವಹಾರದ ಹೆಂಗಸು. "ಎರಡು ತಿಂಗ್ಳು ಅಂದ್ರೆ ಆಷಾಢದಾಗೆ ಬೀಳ್ತೈತೆ. ಲಗ್ನ ಶ್ರಾವಣದಾಗೆ. ಚಪ್ಪರ ಇದೇ ಮನೆ ಮುಂದೆ ಹಾಕ್ಬೇಕು, ಈ ಹುಡ್ಗಿ ಬೆಳೆದ ಮನೆ ಮುಂದೆ. ಅಲ್ಲೀಗಂಟ ಬಿಡಿಸ್ಬೇಡಿ. ಆಮೇಲೆ ನಿಮ್ಮ ಮನೆ ನಿಮ್ದು. ಆಯ್ತಾ?"

"ಆಯ್ತು" ಅಂದೆ.

ಮೂವತ್ತು ವರ್ಷದ ಸಂಸಾರದಲ್ಲಿ ಯಜಮಾನರನ್ನು ಕೇಳದೆ ನಾನು ಮಾಡಿದ ಮೊದಲ ರಿಯಲ್ ಎಸ್ಟೇಟ್ ವ್ಯವಹಾರ ಅದು. ಅರ್ಧ ನಿಮಿಷದಲ್ಲಿ ಮುಗಿಯಿತು.

ಕೆಳಗಿಳಿದ ಮೇಲೆ ಗಂಗಮ್ಮನವರು ಹಾಲಿನ ನಡುವೆ ನಿಂತು ತಮ್ಮನಿಗೆ, ಎಂದರೆ ಹುಡುಗನ ಮಾವನಿಗೆ, ತೆಲುಗಿನಲ್ಲಿ ಹೇಳಿದರು: "ಸೊಂತ ಇಲ್ಲು ಕಾದಂಟ ರಾ, ಅದ್ದೆ ಇಲ್ಲೇ." ಸ್ವಂತ ಮನೆಯಲ್ಲವಂತೆ, ಬಾಡಿಗೆ ಮನೆಯಂತೆ ಎಂದು, 'ಇವತ್ತು ಬಿಸಿಲು ಜಾಸ್ತಿ' ಎನ್ನುವ ದನಿಯಲ್ಲಿ. ಓಬಳೇಶಪ್ಪ ಕುರ್ಚಿಯಿಂದ ಎದ್ದುನಿಂತ. ಮಾವನ ಕೈಯಲ್ಲಿದ್ದ ಬಜ್ಜಿ ಬಾಯಿಗೆ ಹೋಗದೆ ನಿಂತಿತು.

"ತಪ್ಪಾಯ್ತು" ಅಂದ ಓಬಳೇಶಪ್ಪ. "ಆಗ್ಲೇ ಹೇಳ್ಬೇಕಿತ್ತು ನಾನು."

ಮಾವ ಹುಡುಗನ ಕಡೆ ನೋಡಿದರು. ಹುಡುಗ ಕರೆಂಟಿನ ಲೈನ್‌ಮನ್, ಅಲ್ಲಿಯವರೆಗೆ ಓಬಳೇಶಪ್ಪನ ಜೊತೆ ಮೋಟಾರು ಸುಡುವುದು ಯಾಕೆ ಎಂಬುದರ ಬಗ್ಗೆ ಮಾತಾಡುತ್ತಿದ್ದವನು. "ಮನೆ ವಿಷ್ಯ ನಾನೆಲ್ಲಿ ಕೇಳ್ದೆ ಮಾವ?" ಅಂದ. ಭಾರ್ಗವಿ ಮೆಟ್ಟಿಲ ಹತ್ತಿರ ನಿಂತಿದ್ದಳು. ಅವನು ಆ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದ. ಮಾವ ಬಜ್ಜಿ ತಿಂದರು.

ನಾನು ಸಂಜೆಯ ಬಸ್ಸಿಗೆ ಹಿಂದೂಪುರ ಸೇರಿದಾಗ ಯಜಮಾನರು ಗೇಟಿನ ಹತ್ತಿರವೇ ಕಾಯುತ್ತಿದ್ದರು.

"ಹೇಳಿದೆಯಾ?"

"ಹೇಳಿದೆ."

"ಏನಂದ್ರು?"

"ಶ್ರಾವಣದಲ್ಲಿ ಲಗ್ನ ಅಂದ್ರು."

ಪೂರ್ತಿ ಕಥೆ ಕೇಳಿದ ಮೇಲೆ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಮಾತಿಲ್ಲದೆ ಮನೆಯೊಳಗೆ ಓಡಾಡುತ್ತ ಗೋಡೆ ಕುಟ್ಟಿದರು. ಗೊಬ್ಬರದ ಅಂಗಡಿಯವರು ಅಷ್ಟು ದಿನ ಕಾಯಲಾರೆವೆಂದು ಬೇರೆ ಮನೆ ನೋಡಿಕೊಂಡರು. ಹೆದ್ದಾರಿಯ ಜಾಗವೂ ಇನ್ಯಾರದೋ ಪಾಲಾಯಿತು. "ಅಲ್ಲಿ ನಿಜವಾಗ್ಲೂ ಏನೋ ಬರ್ತಿತ್ತು" ಎಂದು ಊಟ ಮಾಡುವಾಗ ಒಂದೆರಡು ಸಲ ಹೇಳಿದರು. ನಾನು ಇನ್ನೊಂದು ಮುದ್ದೆ ಹಾಕಿದೆ.

ಆಷಾಢದ ಕೊನೆಯಲ್ಲಿ ಒಂದು ಬೆಳಿಗ್ಗೆ ಓಬಳೇಶಪ್ಪ, ಸರೋಜಮ್ಮ ಇಬ್ಬರೂ ಕರೆಯಲು ಬಂದರು. ಸರೋಜಮ್ಮ ನನಗೆ ಕುಂಕುಮ ಇಟ್ಟು, ತಟ್ಟೆಯಲ್ಲಿ ಹಣ್ಣು, ರವಿಕೆ ಬಟ್ಟೆ ಇಟ್ಟಳು. ಓಬಳೇಶಪ್ಪ ಲಗ್ನಪತ್ರಿಕೆಯನ್ನು ಎರಡು ಕೈಯಲ್ಲಿ ಹಿಡಿದು ಯಜಮಾನರಿಗೆ ಕೊಟ್ಟ. ಅಲ್ಲಿಯ ರೂಢಿಯಂತೆ ತೆಲುಗಿನಲ್ಲಿ ಅಚ್ಚಾದದ್ದು. ಯಜಮಾನರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದುತ್ತ ಬಂದು ಒಂದು ಕಡೆ ನಿಂತರು.

"ಇದೇನಿದು, ಇಲ್ಲಿ ಗೀಟು?"

ನಾನೂ ಬಗ್ಗಿ ನೋಡಿದೆ. ಚಪ್ಪರದ ಶಾಸ್ತ್ರ ನಡೆಯುವ ಜಾಗ ಬರೆದಿದ್ದ ಕಡೆ 'ಮಾ ಸ್ವಗೃಹಮುನಂದು', ನಮ್ಮ ಸ್ವಂತ ಮನೆಯಲ್ಲಿ, ಎಂದಿತ್ತು. ಅದರಲ್ಲಿ 'ಸ್ವ' ಎಂಬ ಒಂದು ಅಕ್ಷರದ ಮೇಲೆ ನೀಲಿ ಪೆನ್ನಿನಿಂದ, ಸ್ಕೇಲು ಇಟ್ಟು, ಗೀಟು ಎಳೆದಿತ್ತು.

ಓಬಳೇಶಪ್ಪ ನೆಲ ನೋಡಿದ. "ಪ್ರೆಸ್ಸಿನೋನು ಎಲ್ರಿಗೂ ಹಾಕೋ ಹಂಗೆ ಹಾಕ್ಬುಟ್ಟವ್ನೆ ಸಾರ್. ನಾನು ಹೇಳಿರ್ಲಿಲ್ಲ. ಅಚ್ಚಾದ್ಮೇಲೆ ನೋಡ್ಕೊಂಡೆ." ಉಳಿದ ಪತ್ರಿಕೆಗಳ ಚೀಲವನ್ನು ಹತ್ತಿರ ಎಳೆದುಕೊಂಡ. "ಬೇರೆಯೋರ್ಗೆ ಹಂಗೇ ಕೊಟ್ಬುಟ್ಟೆ. ನಿಮ್ಗೆ ಹಂಗೆ ಕೊಡಾಕೆ ಮನ್ಸು ಬರ್ಲಿಲ್ಲ. ನಿಮ್ಮದ್ರಲ್ಲಿ ಮಾತ್ರ ಹೊಡೆದಾಕಿದೀನಿ. ಉಳಿದದ್ರಲ್ಲೂ ಹೊಡೀಬೇಕು ಅಂದ್ರೆ ಹೇಳಿ ಸಾರ್, ಕೂತು ಹೊಡೀತೀನಿ. ಲಗ್ನ ಆದ್ಮೇಲೆ ಕಾರ್ತೀಕದೊಳ್ಗೆ ಮನೇನೂ ಬಿಟ್ಕೊಡ್ತೀವಿ."

ಯಜಮಾನರು ಪತ್ರಿಕೆಯನ್ನು ತಿರುಗಿಸಿ ಹಿಂದೆ ನೋಡಿದರು, ಮತ್ತೆ ಮುಂದೆ ನೋಡಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಮೂವತ್ತು ವರ್ಷ ನಕ್ಷೆ ಬರೆದವರು. ಕಾಗದದ ಮೇಲಿನ ಗೀಟು ಅಂದರೆ ಏನೆಂದು ಅವರಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಕೊನೆಗೆ ಪತ್ರಿಕೆಯನ್ನು ಮಡಚಿ ಓಬಳೇಶಪ್ಪನ ಕೈಗೇ ವಾಪಸು ಕೊಟ್ಟರು.

ಸರೋಜಮ್ಮನ ಮುಖ ಸಣ್ಣದಾಯಿತು.

"ಇದನ್ನ ನಾನು ಇಟ್ಕೊಳ್ಳಲ್ಲ ಓಬಳೇಶಪ್ಪ" ಅಂದರು ಯಜಮಾನರು. "ಬೇರೆಯವರಿಗೆ ಕೊಟ್ಟೆಯಲ್ಲ, ಗೀಟಿಲ್ಲದ್ದು, ಅಂಥದ್ದೊಂದು ನಮಗೂ ಕೊಡಪ್ಪ."

ಓಬಳೇಶಪ್ಪ ಚೀಲದೊಳಗೆ ಕೈಹಾಕಿ ಹೊಸದೊಂದು ಪತ್ರಿಕೆ ತೆಗೆದ. ತಾಮ್ರದ ತಂತಿ ಸುತ್ತಿ ಸುತ್ತಿ ಗಟ್ಟಿಯಾದ ಅವನ ಬೆರಳುಗಳಿಗೆ ಆ ತೆಳ್ಳನೆಯ ಕಾಗದ ಬೇಗ ಸಿಗಲಿಲ್ಲ. ಸರೋಜಮ್ಮ ನನ್ನ ಅಡುಗೆಮನೆಗೆ ತಾನೇ ಹೋಗಿ, ಡಬ್ಬ ಹುಡುಕಿ, ಅಂಗೈಯಲ್ಲಿ ಅರಿಶಿನ ಕಲಸಿಕೊಂಡು ಬಂದು ಅದರ ನಾಲ್ಕು ಮೂಲೆಗೂ ಹಚ್ಚಿದಳು.